ಜೊತೆಗಾರನ ಟಿಕೆಟ್

ನನ್ನ ಹೆಂಡತಿಯ ಅಣ್ಣ, ಅಂದರೆ ನನ್ನ ಭಾವ, ಮೂವತ್ತೊಂದು ವರ್ಷ ಬಸ್ ಓಡಿಸಿದವರು. ಸಕ್ಕರೆ ಕಾಯಿಲೆ ಮೊದಲು ಅವರ ಎಡಗಣ್ಣನ್ನು, ಆಮೇಲೆ ಎರಡೇ ವರ್ಷದಲ್ಲಿ ಬಲಗಣ್ಣನ್ನು ನುಂಗಿತು. ಮದುವೆಯಾಗಿರಲಿಲ್ಲ. ನಮ್ಮ ಮನೆಯ ಕೆಳಗಿನ ಮಹಡಿಯಲ್ಲಿ ಒಂದು ಕೋಣೆ ಖಾಲಿಯಾದಾಗ ನನ್ನವಳು ಹಟ ಹಿಡಿದು ಅವರನ್ನು ಅಲ್ಲಿಗೆ ಕರೆತಂದಳು. ಊಟ ನಮ್ಮ ಜೊತೆ, ಮಲಗುವುದು ಕೆಳಗೆ. ನಾನು ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ನಾಲ್ಕು ವರ್ಷ ಒಂದೇ ಮೇಜಿನಲ್ಲಿ ಉಂಡರೂ ನಮ್ಮಿಬ್ಬರ ಮಾತು "ಉಪ್ಪು ಸಾಕಾ?" "ಸಾಕು" ಅನ್ನುವುದರ ಆಚೆ ದಾಟಿರಲಿಲ್ಲ. ಅವರು ನನಗೆ 'ನೀವು' ಅನ್ನುತ್ತಿದ್ದರು, ನಾನು ಅವರಿಗೆ 'ನೀವು' ಅನ್ನುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಆಮೇಲೆ ಬೀದಿಯವರೆಲ್ಲ ನನ್ನನ್ನು ಹೊಗಳಿದರು.

ನಾನು ಸೋಫಾ ಕೆಲಸದವನು. ಹಳೇ ಸೋಫಾದ ಬಟ್ಟೆ ಬಿಚ್ಚುವುದು, ಕುಸಿದ ಸ್ಪ್ರಿಂಗ್ ಎತ್ತಿ ಕಟ್ಟುವುದು, ಹೊಸ ಬಟ್ಟೆ ಎಳೆದು ಮೊಳೆ ಹೊಡೆಯುವುದು. ವಾರಕ್ಕೆ ಆರು ದಿನ ಬಾಯಲ್ಲಿ ಮೊಳೆ ಕಚ್ಚಿಕೊಂಡು ಬಗ್ಗಿರುವವನಿಗೆ ಏಳನೇ ದಿನ ಬಾಯಿ ಬಿಟ್ಟು ಕೂಗಲು ಒಂದು ಜಾಗ ಬೇಕು. ನನಗೆ ಆ ಜಾಗ ನಮ್ಮ ಕ್ಲಬ್ಬಿನ ಫುಟ್‌ಬಾಲ್ ಮೈದಾನ. ಹದಿನೇಳನೇ ವಯಸ್ಸಿನಿಂದ ಹಳೇ ಸ್ಟ್ಯಾಂಡಿನಲ್ಲಿ ನಿಂತು ಆಟ ನೋಡಿದವನು ನಾನು. ನಾವು ಆರು ಜನರ ಗುಂಪು. ಒಬ್ಬ ಬಡಗಿ, ಅವನ ಹೆಸರು ಯಾರಿಗೂ ಬೇಕಿರಲಿಲ್ಲ, 'ಗಂಟಲು' ಅಂತಲೇ ಕರೆಯುತ್ತಿದ್ದೆವು. ಅವನು ಒಂದು ಸಲ ಕೂಗಿದರೆ ಎದುರು ತಂಡದ ಗೋಲ್‌ಕೀಪರ್ ತಿರುಗಿ ನೋಡುತ್ತಿದ್ದ. ಮಿಕ್ಕವರೂ ಅಂಥವರೇ: ಅಂಚೆಯವನು, ಗಾರೆಯವನು, ಇಬ್ಬರು ಗೋದಾಮಿನವರು. ಒಂದು ದಿನದ ಕೂಲಿಯಲ್ಲಿ ಟಿಕೆಟ್ ತೆಗೆದುಕೊಂಡು, ಚಹಾ ಕುಡಿದು, ಬಸ್ಸಿಗೂ ಉಳಿಯುತ್ತಿತ್ತು.

ಆಮೇಲೆ ನಿಂತು ನೋಡುವ ಕಡೆ ಕುರ್ಚಿ ಹಾಕಿದರು. ಕುರ್ಚಿ ಬಂದ ಮೇಲೆ ಬೆಲೆಯೂ ಎದ್ದು ನಿಂತಿತು. ಕ್ಲಬ್ಬನ್ನು ಯಾರೋ ಕೊಂಡರು, ಎದುರುಗಡೆ ಗಾಜಿನ ಕೋಣೆಗಳನ್ನು ಕಟ್ಟಿದರು. ಒಳಗೆ ಕೂತವರು ಊಟ ಮಾಡುತ್ತ, ಆಗಾಗ ಮೈದಾನದ ಕಡೆಗೂ ನೋಡುತ್ತಿದ್ದರು. ಟಿಕೆಟ್ ತೆಗೆದುಕೊಳ್ಳಬೇಕಾದರೆ ಮೊದಲು ಸದಸ್ಯನಾಗಬೇಕು ಅಂದರು, ಸದಸ್ಯನಾಗಲು ಬೇರೆ ಶುಲ್ಕ. ದೊಡ್ಡ ತಂಡ ಬಂದರೆ ಒಂದು ಬೆಲೆ, ಸಣ್ಣ ತಂಡ ಬಂದರೆ ಇನ್ನೊಂದು. ಅಂಚೆಯವನು ಮೊದಲು ಬಿಟ್ಟ, ಮಗಳ ಕಾಲೇಜು ಅಂದ. ಗಾರೆಯವನು ಕಾರಣ ಹೇಳದೆ ಬಿಟ್ಟ. ಕೊನೆಗೆ ಗಂಟಲು ಒಬ್ಬನೇ ಉಳಿದ, ಅದೂ ಅವನ ಅಳಿಯ ಕೊಡಿಸುತ್ತಿದ್ದ ಅಂತ. ನನ್ನ ಅರ್ಧ ವಾರದ ದುಡಿಮೆ ಒಂದು ಪಂದ್ಯಕ್ಕೆ ಹೋಗುತ್ತದೆ ಅಂತಾದಾಗ ನಾನೂ ಬಿಟ್ಟೆ. ಮನೆಯಲ್ಲಿ ಮಾತ್ರ "ಈಗಿನ ಆಟದಲ್ಲಿ ಮಜಾ ಇಲ್ಲ ಬಿಡು" ಅಂದೆ. ಕೈಲಾಗಲ್ಲ ಅನ್ನುವುದಕ್ಕಿಂತ ಬೇಡ ಅನ್ನುವುದು ಸುಲಭ.

ಎರಡು ವರ್ಷ ಹಾಗೇ ಕಳೆಯಿತು. ಒಂದು ದಿನ ಕ್ಲಬ್ಬಿನ ಕಚೇರಿಗೆ ಹತ್ತು ಕುರ್ಚಿಗಳ ಸೀಟು ಬದಲಾಯಿಸಲು ನನ್ನನ್ನೇ ಕರೆದರು. ಮೊಳೆ ಹೊಡೆಯುತ್ತ ಕೂತಿದ್ದಾಗ ಗೋಡೆಯ ಮೇಲಿನ ಬೆಲೆಪಟ್ಟಿ ಕಣ್ಣಿಗೆ ಬಿತ್ತು. ಓದಿ ಓದಿ ಹೊಟ್ಟೆ ಉರಿಸಿಕೊಳ್ಳುತ್ತ ಕೊನೇ ಸಾಲಿಗೆ ಬಂದೆ. ಅಂಗವಿಕಲರಿಗೆ ಕಾಲು ಬೆಲೆ. ಅವರ ಜೊತೆಗಾರನಿಗೆ ಉಚಿತ.

ಸುತ್ತಿಗೆ ಕೈಯಲ್ಲೇ ನಿಂತಿತು. ನನ್ನ ತಲೆಗೆ ಮೊದಲು ಬಂದದ್ದು ಭಾವ ಅಲ್ಲ, ಹಳೇ ಸ್ಟ್ಯಾಂಡಿನ ಕೂಗು. ಭಾವ ಬಂದದ್ದು ಆಮೇಲೆ, ಕೂಗಿನ ಹತ್ತಿರಕ್ಕೆ ಹೋಗುವ ದಾರಿಯಾಗಿ.

ಅವತ್ತು ಊಟಕ್ಕೆ ಕೂತಾಗ ಕೇಳಿದೆ. "ಭಾವ, ಭಾನುವಾರ ಮ್ಯಾಚಿಗೆ ಹೋಗೋಣ್ವಾ?"

ಭಾವ ತುತ್ತು ನಿಲ್ಲಿಸಿದರು. "ನಾನಾ? ನಾನು ಏನು ನೋಡಲಿ ಅಲ್ಲಿ?"

"ಸುಮ್ನೆ ಗಾಳಿಗೆ. ದಿನವಿಡೀ ಕೋಣೇಲಿ ಕೂತಿರ್ತೀರಲ್ಲ. ನಾನು ಹೇಳ್ತೀನಿ ಏನಾಗ್ತಿದೆ ಅಂತ."

ನನ್ನ ಹೆಂಡತಿ ಪಾತ್ರೆ ಹಿಡಿದು ನಿಂತವಳು ನನ್ನನ್ನೇ ನೋಡಿದಳು. ಅವಳ ಕಣ್ಣು ತುಂಬಿಕೊಂಡಿತ್ತು. ಅವಳು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದವಳು, ಸುಲಭಕ್ಕೆ ಕರಗುವವಳಲ್ಲ. ನಾನು ತಲೆ ತಗ್ಗಿಸಿ ಊಟ ಮಾಡಿದೆ. ಅವಳು ಅದನ್ನು ಸಂಕೋಚ ಅಂದುಕೊಂಡಳು.

ಮೊದಲ ಭಾನುವಾರ ಗೇಟಿನಲ್ಲಿ ಭಾವನ ಅಂಗವಿಕಲರ ಚೀಟಿ ತೋರಿಸಿದಾಗ ಅಲ್ಲಿದ್ದವನು ದೊಡ್ಡ ದನಿಯಲ್ಲಿ "ಇವರಿಗೆ ಕಾಲು ಬೆಲೆ, ಜೊತೆಗಾರ ಫ್ರೀ" ಅಂದ. ನಾನು ಭಾವನ ಮುಖ ನೋಡಿದೆ. ಅವರು ತಮ್ಮ ಕೋಲಿನಿಂದ ಮೆಟ್ಟಿಲು ಹುಡುಕುತ್ತಿದ್ದರು, ಕೇಳಿಸಿದ ಹಾಗೆ ಕಾಣಲಿಲ್ಲ. ಸದ್ಯ, ಅಂದುಕೊಂಡೆ.

ನಮಗೆ ಕೊಟ್ಟ ಜಾಗ ಕಾರ್ನರ್ ಬಾವುಟದ ಹಿಂದೆ, ಕೆಳಗಿನ ಸಾಲು. ಅಲ್ಲಿ ಹಾಡಿಲ್ಲ, ಕೂಗಿಲ್ಲ. ಗಾಲಿಕುರ್ಚಿಯಲ್ಲಿ ಬಂದವರು, ಅವರ ಅಮ್ಮಂದಿರು, ಅಕ್ಕಂದಿರು. ಹಳೇ ಸ್ಟ್ಯಾಂಡು ಎದುರಿಗಿತ್ತು, ಗಂಟಲಿನ ದನಿ ಅಲ್ಲಿಂದ ಇಲ್ಲಿಗೆ ಬರುತ್ತಿತ್ತು. ನಾನು ಆಟದಲ್ಲಿ ಮುಳುಗಿದೆ. ಪಕ್ಕದಿಂದ ಭಾವ "ಈಗ?" ಅನ್ನುತ್ತಿದ್ದರು. "ಚೆಂಡು ನಮ್ಮವರ ಹತ್ತಿರ ಇದೆ." ಎರಡು ನಿಮಿಷ ಬಿಟ್ಟು ಮತ್ತೆ "ಈಗ?" "ಈಗಲೂ ಅಲ್ಲೇ." ಅಷ್ಟೇ ನಾನು ಹೇಳಿದ್ದು. ಜಿಪುಣ ದುಡ್ಡು ಬಿಚ್ಚಿದ ಹಾಗೆ ಮಾತು ಬಿಚ್ಚಿದೆ.

ಆದರೆ ವಾಪಸ್ ಬರುವಾಗ ಬಸ್ಸಿನಲ್ಲಿ ಭಾವ ತಾವಾಗಿ ಮಾತಾಡಿದರು. "ಅಷ್ಟು ಜನ ಒಟ್ಟಿಗೆ ಉಸಿರು ಹಿಡಿಯೋದು ಕೇಳಿಸುತ್ತೆ ಗೊತ್ತಾ? ಚೆಂಡು ಗೋಲಿನ ಹತ್ತಿರ ಹೋದಾಗ. ನಾನು ಅದನ್ನ ಇದುವರೆಗೆ ಕೇಳಿರಲಿಲ್ಲ."

ಆಮೇಲೆ ಪ್ರತಿ ಪಂದ್ಯಕ್ಕೂ ಹೋದೆವು. ಶನಿವಾರವೇ ಭಾವ ಶೂಗೆ ಪಾಲಿಶ್ ಹಾಕಿಸಿಕೊಳ್ಳುತ್ತಿದ್ದರು. ಆಟಗಾರರ ಹೆಸರು, ಅಂಗಿಯ ನಂಬರು ಎಲ್ಲ ಬಾಯಿಪಾಠ ಮಾಡಿದರು. ನಾನೂ ಹೇಳುವುದನ್ನು ಕಲಿತೆ. ಬಸ್ಸಿನವರಿಗೆ ಬಸ್ಸಿನ ಭಾಷೆಯಲ್ಲೇ ಹೇಳಬೇಕು ಅಂತ ಹೊಳೆಯಿತು. "ಏಳನೇ ನಂಬರಿನವನು ಎಡಗಡೆಯಿಂದ ಓವರ್‌ಟೇಕ್ ಮಾಡ್ತಿದಾನೆ ಭಾವ, ಅಡ್ಡ ಬಂದ ಒಬ್ಬನನ್ನ ದಾಟಿದ, ಇನ್ನೊಬ್ಬ ಬಂದ, ಬ್ರೇಕ್ ಹಾಕಿದ!" ಅವರು ನಗುತ್ತಿದ್ದರು. ಒಂದು ದಿನ ಉಸಿರು ಬಿಗಿಹಿಡಿದು ನನ್ನ ತೊಡೆಗೆ ಗುದ್ದಿ "ಹೇಳೋ, ಏನಾಯ್ತು ಹೇಳೋ!" ಅಂದುಬಿಟ್ಟರು. ಆವತ್ತಿನಿಂದ ನಾನು ಅವರಿಗೆ 'ನೀನು' ಆದೆ. ನಾಲ್ಕು ವರ್ಷದಲ್ಲಿ ಆಗದೇ ಇದ್ದದ್ದು.

ನನಗೆ ಖುಷಿಯಾಯಿತು. ಸುಳ್ಳು ಹೇಳುವುದಿಲ್ಲ. ಆದರೆ ಮನೆಗೆ ಬಂದರೆ ಹೊಗಳಿಕೆ ಕಾದಿರುತ್ತಿತ್ತು. ನನ್ನವಳು ಆಸ್ಪತ್ರೆಯಲ್ಲಿ ಹೇಳಿದಳು, ಅಂಗಡಿಯಲ್ಲಿ ಹೇಳಿದಳು, ಅತ್ತೆಯ ಕಡೆಯವರಿಗೆ ಫೋನು ಮಾಡಿ ಹೇಳಿದಳು. "ಸ್ವಂತ ತಮ್ಮನೂ ಹೀಗೆ ಕರ್ಕೊಂಡು ಹೋಗಲ್ಲ." ಪಕ್ಕದ ಮನೆಯ ಟೀಚರಮ್ಮ ಮೆಟ್ಟಿಲಲ್ಲಿ ತಡೆದು "ನಿಮ್ಮಂಥೋರು ನೂರಕ್ಕೆ ಒಬ್ರು" ಅಂದರು. ಪ್ರತಿ ಸಲ ಬಾಯಿ ತುದಿಗೆ ಬರುತ್ತಿತ್ತು: ಟಿಕೆಟ್ ಫ್ರೀ ಕಣ್ರೀ ಅಂತ. ಪ್ರತಿ ಸಲ ನುಂಗುತ್ತಿದ್ದೆ.

ಹೀಗಿರುವಾಗ ಆ ಭಾನುವಾರ ಬಂತು. ಪಕ್ಕದೂರಿನ ತಂಡದ ಜೊತೆ ನಮ್ಮ ಪಂದ್ಯ. ಗೆದ್ದರೆ ಮೇಲಿನ ದರ್ಜೆಯಲ್ಲಿ ಉಳಿಯುತ್ತೇವೆ, ಸೋತರೆ ಕೆಳಗಿನ ದರ್ಜೆಗೆ. ಟಿಕೆಟಿನ ಬೆಲೆ ಕೇಳಿ ಅಂಚೆಯವನು ಕಿವಿ ಮುಚ್ಚಿಕೊಂಡನಂತೆ. ನಮಗೆ ಮಾತ್ರ ಎಂದಿನ ಜಾಗ ಇತ್ತು.

ಅರ್ಧ ಆಟ ಮುಗಿದಾಗ ಒಂದೊಂದು ಗೋಲು ಆಗಿತ್ತು. ಆಗ ನನ್ನ ಫೋನು ಕೂಗಿತು. ಗಂಟಲು.

"ಎಲ್ಲಿದೀಯೋ? ಆ ಮೂಲೇಲಾ? ನನ್ನ ಅಳಿಯ ಬಂದಿಲ್ಲ, ಪಕ್ಕದ ಸೀಟು ಖಾಲಿ ಹೊಡೀತಿದೆ. ಬಾರೋ! ಈ ಕಡೆ ಬಾಗಿಲಲ್ಲಿ ಇರೋನು ನಮ್ಮ ಹುಡುಗನೇ, ಬಿಡ್ತಾನೆ."

"ಭಾವ ಇದಾರೆ ಕಣೋ."

"ಹತ್ತು ನಿಮಿಷ ಬಂದು ಹೋಗು. ಅವರೇನು ಓಡಿ ಹೋಗ್ತಾರಾ?"

ಎದುರಿನ ಸ್ಟ್ಯಾಂಡು ಆಗಲೇ ಹಾಡಲು ಶುರುಮಾಡಿತ್ತು. ಇಡೀ ಸ್ಟ್ಯಾಂಡು, ಒಂದೇ ದನಿ. ನಾನು ಭಾವನ ಕಡೆ ತಿರುಗಿ "ಸ್ವಲ್ಪ ಹೊಟ್ಟೆ ಸರಿ ಇಲ್ಲ, ಹೋಗಿ ಬಂದ್ಬಿಡ್ತೀನಿ" ಅಂದೆ.

"ಹೋಗಿ ಬಾ. ನಿಂದಾದ ಮೇಲೆ ನನ್ನನ್ನೂ ಒಂದು ಸಲ ಕರ್ಕೊಂಡು ಹೋಗು" ಅಂದರು ಭಾವ. "ಮಧ್ಯಾಹ್ನದ ಮೂತ್ರದ ಮಾತ್ರೆ ಕೆಲಸ ಮಾಡ್ತಿದೆ."

ಆ ಮಾತು ನನಗೆ ಕೇಳಿಸಿತು. ಸರಿಯಾಗಿ ಕೇಳಿಸಿತು. ಹತ್ತು ನಿಮಿಷ ತಾನೇ, ಬಂದು ಕರೆದುಕೊಂಡು ಹೋದರಾಯಿತು ಅಂದುಕೊಂಡೆ.

ಹಳೇ ಸ್ಟ್ಯಾಂಡಿಗೆ ಕಾಲಿಟ್ಟ ಕೂಡಲೇ ಗಂಟಲು ನನ್ನನ್ನು ಅಪ್ಪಿಕೊಂಡ. ಹಿಂದಿನ ಸಾಲಿನವರು ಬೆನ್ನು ತಟ್ಟಿದರು. "ಬದುಕಿದೀಯಾ ನೀನು?" ಅಂತ ಒಬ್ಬ ಕೂಗಿದ. ನಾನು ಹಾಡಿದೆ. ಎರಡು ವರ್ಷದಿಂದ ಎದೆಯಲ್ಲಿ ಗಂಟು ಕಟ್ಟಿದ್ದೆಲ್ಲ ಬಿಚ್ಚಿಕೊಂಡಿತು. ಹತ್ತು ನಿಮಿಷ ಯಾವಾಗ ಆಯಿತೋ ಗೊತ್ತಿಲ್ಲ. ಇಪ್ಪತ್ತಾದಾಗ ಒಂದು ಸಲ ಭಾವನ ನೆನಪು ಬಂತು. ಆಗಲೇ ನಮಗೆ ಒಂದು ಪೆನಾಲ್ಟಿ ಸಿಕ್ಕಿತು. ಪೆನಾಲ್ಟಿ ನೋಡದೆ ಯಾರು ಹೋಗುತ್ತಾರೆ? ಗೋಲು ಆಯಿತು. ನಾನು ಗಂಟಲಿನ ಹೆಗಲ ಮೇಲೆ ಹತ್ತಿದ್ದೆ. ಆಮೇಲೆ ಉಳಿದ ಸಮಯ ಒಬ್ಬರ ಕೈ ಒಬ್ಬರು ಹಿಡಿದು ನಿಂತೆವು. ಸೀಟಿ ಊದಿದಾಗ ಗಂಡಸರು ಅಳುತ್ತಿದ್ದರು. ನಾನೂ ಅತ್ತೆ.

ಕಣ್ಣು ಒರೆಸಿಕೊಳ್ಳುವಾಗ ಎದುರಿನ ಮೂಲೆ ಕಂಡಿತು. ಅಲ್ಲಿ ಎಲ್ಲರೂ ಹೊರಟಿದ್ದರು, ಒಬ್ಬರನ್ನು ಬಿಟ್ಟು.

ಎದುರಿನಿಂದ ಬರುವ ಸಾವಿರಾರು ಜನರನ್ನು ತಳ್ಳಿಕೊಂಡು ಅಲ್ಲಿಗೆ ಮುಟ್ಟಲು ಕಾಲು ಗಂಟೆ ಹಿಡಿಯಿತು. ಸಾಲು ಖಾಲಿಯಾಗಿತ್ತು. ಭಾವ ಎರಡೂ ಕೈಯಲ್ಲಿ ಕೋಲು ಹಿಡಿದು ನೆಟ್ಟಗೆ ಕೂತಿದ್ದರು. ಪಕ್ಕದಲ್ಲಿ ಮೈದಾನದ ಕಾವಲುಗಾರ್ತಿ ನಿಂತಿದ್ದಳು. ಅವಳ ಹಳದಿ ಜಾಕೆಟ್ಟು ಭಾವನ ತೊಡೆಯ ಮೇಲಿತ್ತು. ಕುರ್ಚಿಯ ಕೆಳಗಿನ ಸಿಮೆಂಟು ಒದ್ದೆಯಾಗಿತ್ತು.

"ನೀವಾ ಇವರ ಜೊತೆಯವರು?" ಅಂದಳು ಅವಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಎರಡು ಸಲ ಕೇಳಿದೆ, ನಾನು ಕರ್ಕೊಂಡು ಹೋಗ್ಲಾ ಅಂತ. ಬೇಡ, ನನ್ನ ಜೊತೆಯವನು ಬರ್ತಾನೆ, ಈಗ ಬರ್ತಾನೆ ಅಂತಲೇ ಹೇಳಿದ್ರು."

"ಬಂದ್ರಾ?" ಅಂದರು ಭಾವ. "ಹೊಟ್ಟೆ ಹೇಗಿದೆ?"

'ಬಂದ್ಯಾ' ಅಲ್ಲ. 'ಬಂದ್ರಾ'.

ಹಾಡಿ ಹಾಡಿ ನನ್ನ ಗಂಟಲು ಕಟ್ಟಿತ್ತು. ಆ ಒಡಕು ದನಿಯಲ್ಲೇ "ಸಾರಿ ಭಾವ" ಅಂದೆ. ಹೊಟ್ಟೆ ನೋವಿನವನ ದನಿ ಹಾಗಿರುವುದಿಲ್ಲ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಕಣ್ಣಿಲ್ಲದವರಿಗೆ ಇನ್ನೂ ಬೇಗ.

ಬಸ್ಸಿಗೆ ಹೋಗುವ ಹಾಗಿರಲಿಲ್ಲ. ನಡೆದೇ ಹೋದೆವು, ದೊಡ್ಡ ರಸ್ತೆ ಬಿಟ್ಟು ಗೋದಾಮುಗಳ ಹಿಂದಿನ ದಾರಿಯಲ್ಲಿ. ನನ್ನ ಕೋಟು ಅವರ ಸೊಂಟಕ್ಕೆ ಕಟ್ಟಿದ್ದೆ, ಒಗೆಸಿ ಕೊಡುತ್ತೇನೆಂದು ಕಾವಲುಗಾರ್ತಿಯ ಜಾಕೆಟ್ಟು ಕಂಕುಳಲ್ಲಿತ್ತು. ಅರ್ಧ ದಾರಿಯಲ್ಲಿ ಅವರೇ ಮಾತು ತೆಗೆದರು.

"ಒಂದು ವಿಷಯ ಹೇಳ್ಲಾ? ಜೊತೆಗಾರನಿಗೆ ಫ್ರೀ ಅಂತ ನನಗೆ ಮೊದಲನೇ ದಿನಾನೇ ಗೊತ್ತಾಯ್ತು. ಆ ಗೇಟಿನವನ ಬಾಯಿ ನಮ್ಮ ಡಿಪೋದ ಹಾರ್ನ್ ಇದ್ದಂಗಿದೆ. ನನ್ನ ಕಣ್ಣು ಹೋಗಿದೆ, ಕಿವಿ ಅಲ್ಲ."

"ಭಾವ, ನಾನು..."

"ಇರಿ. ಅದರಲ್ಲಿ ತಪ್ಪೇನಿಲ್ಲ. ನಿಮಗೆ ಆಟ ಸಿಕ್ತು, ನನಗೆ ಕೋಣೆಯಿಂದ ಆಚೆ ಬರೋದು ಸಿಕ್ತು. ಸರಿಸಮ ಅಂದುಕೊಂಡಿದ್ದೆ. ಬರ್ತಾ ಬರ್ತಾ..." ಅಂದವರು ಕೋಲಿನಿಂದ ದಾರಿಯ ಕಲ್ಲೊಂದನ್ನು ಪಕ್ಕಕ್ಕೆ ತಳ್ಳಿದರು. "ಬರ್ತಾ ಬರ್ತಾ ಲೆಕ್ಕ ಮರೆತುಬಿಟ್ಟೆ. ಅದು ನನ್ನ ತಪ್ಪು."

ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅವರ ಕೈ ನನ್ನ ಮೊಣಕೈ ಮೇಲೇ ಇತ್ತು. ಬೇರೆ ದಾರಿ ಇರಲಿಲ್ಲ, ಹಿಡಿದುಕೊಳ್ಳಲೇಬೇಕಿತ್ತು.

"ತಂಗಿಗೆ ಏನೂ ಹೇಳ್ಬೇಡಿ" ಅಂದರು ಬಾಗಿಲ ಹತ್ತಿರ. "ಚಹಾ ಚೆಲ್ತು ಅಂತ ನಾನೇ ಹೇಳ್ತೀನಿ."

ಹಾಗೇ ಹೇಳಿದರು. ನನ್ನವಳು "ಅಯ್ಯೋ, ಸುಟ್ಟುಕೊಂಡ್ಯಾ ಅಣ್ಣ?" ಅನ್ನುತ್ತ ಪ್ಯಾಂಟು ತೆಗೆದುಕೊಂಡು ಬಚ್ಚಲಿಗೆ ಹೋದಳು. ನಲ್ಲಿ ತಿರುಗಿಸಿದ ಸದ್ದು ಬರಲು ತುಂಬ ಹೊತ್ತಾಯಿತು.

ಮಾರನೇ ದಿನ ಬೆಳಿಗ್ಗೆ, ಭಾವ ಮೇಲೆ ಬರುವ ಮೊದಲು, ಅವಳು ನನ್ನೆದುರು ಕುರ್ಚಿ ಎಳೆದುಕೊಂಡು ಕೂತಳು.

"ರೀ, ಇಪ್ಪತ್ತು ವರ್ಷದಿಂದ ಆಸ್ಪತ್ರೆ ಬಟ್ಟೆ ಒಗೀತಿದೀನಿ. ಚಹಾ ಯಾವುದು, ಇನ್ನೊಂದು ಯಾವುದು ಅಂತ ನನಗೆ ಗೊತ್ತಾಗಲ್ವಾ?"

ಗೊತ್ತಾಯಿತಲ್ಲ, ಇನ್ನು ಬೈಯುತ್ತಾಳೆ ಅಂತ ಕಾದೆ. ಅವಳು ನನ್ನ ಕೈ ಹಿಡಿದುಕೊಂಡಳು.

"ಅಣ್ಣನಿಗೆ ವಯಸ್ಸಾಯ್ತು. ಇನ್ನು ಇಂಥದ್ದೆಲ್ಲ ಶುರುವಾಗುತ್ತೆ. ಪಾಪ, ಅಷ್ಟು ಜನರ ಮಧ್ಯೆ ನಿಮಗೆ ಎಷ್ಟು ಮುಜುಗರ ಆಯ್ತೋ. ನಿಮ್ಮ ಕೋಟು ಬೇರೆ ಕಟ್ಟಿದೀರಿ. ನಡೆಸಿಕೊಂಡು ಬಂದಿದೀರಿ. ಬೇರೆ ಯಾರಾದ್ರೂ ಆಗಿದ್ರೆ ಅಲ್ಲೇ ಬಿಟ್ಟು ಹೋಗ್ತಿದ್ರು ಕಣ್ರೀ."

ಬೆಲೆಪಟ್ಟಿಯ ಕೊನೇ ಸಾಲಿನಿಂದ ಹಿಡಿದು ಎಲ್ಲವನ್ನೂ ಆಗ ಹೇಳಿದೆ. ಹೇಳುತ್ತ ಹೋದ ಹಾಗೆ ಅವಳ ಕೈ ನನ್ನ ಕೈಯಿಂದ ಜಾರುತ್ತ ಹೋಯಿತು. "ಅವರು ಕೇಳಿದ್ರು, ನಂಗೂ ಹೋಗ್ಬೇಕು ಅಂತ. ನನಗೆ ಕೇಳಿಸಿತ್ತು" ಅನ್ನುವಾಗ ಅವಳ ಎರಡು ಕೈಯೂ ಅವಳ ಮಡಿಲಲ್ಲಿದ್ದವು.

"ನಾನು ನಿಮ್ಮನ್ನ ಊರಿಗೆಲ್ಲ ಹೊಗಳಿಕೊಂಡು ಬಂದೆ" ಅಂದಳು. ಅಷ್ಟೇ. ಎದ್ದು ಕೆಲಸಕ್ಕೆ ಹೋದಳು.

ನಾಲ್ಕೈದು ದಿನ ಮನೆಯಲ್ಲಿ "ಉಪ್ಪು ಸಾಕಾ?" "ಸಾಕು" ಅಷ್ಟೇ ಮಾತು ನಡೆಯಿತು. ನಾನು ಕ್ಲಬ್ಬಿಗೆ ಹೋಗಿ ಆ ಕಾವಲುಗಾರ್ತಿಯನ್ನು ಹುಡುಕಿ ಅವಳ ಜಾಕೆಟ್ಟು ಒಗೆಸಿ ಕೊಟ್ಟೆ. ಅವಳಿಗೆ ನನ್ನ ಗುರುತು ಹತ್ತಲಿಲ್ಲ. ಭಾವನ ಬಗ್ಗೆ ಹೇಳಿದ ಮೇಲೆ ಹತ್ತಿತು, ಮುಖದಲ್ಲಿ ಅದು ಕಂಡಿತು. ಅಲ್ಲೇ ಟಿಕೆಟ್ ಕೌಂಟರಿಗೆ ಹೋಗಿ, ಇಷ್ಟು ದಿನದ ನನ್ನ ಟಿಕೆಟ್ ಬಾಬ್ತು ಕಟ್ಟುತ್ತೇನೆ ಅಂದೆ. ಒಳಗಿದ್ದ ಹುಡುಗಿ ಕಂಪ್ಯೂಟರ್ ನೋಡಿ "ಜೊತೆಗಾರನ ಟಿಕೆಟ್ಟಿಗೆ ಬೆಲೆಯೇ ಇಲ್ಲ ಸಾರ್. ಏನಂತ ಕಟ್ಟಿಸಿಕೊಳ್ಳಲಿ?" ಅಂದಳು. ನನ್ನ ಹಿಂದಿದ್ದ ಸಾಲು ಗೊಣಗಿತು. ಹೊರಟು ಬಂದೆ.

ಹೊಸ ವರ್ಷದ ಪಂದ್ಯಗಳು ಶುರುವಾದವು. ಮೊದಲನೇ ಭಾನುವಾರ ಭಾವ ಪಾಲಿಶ್ ಹಾಕಿದ ಶೂ ತೊಟ್ಟು ಬಂದರು. ನನ್ನ ಹೆಂಡತಿ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ಚೀಲ ಹಿಡಿದು ಹೊರಬಂದಳು. ಅವಳ ಜೀವಮಾನದಲ್ಲಿ ಒಂದು ಪಂದ್ಯ ನೋಡಿದವಳಲ್ಲ.

"ನಾವು ಬರೋದು ಐದೂವರೆ ಆಗುತ್ತೆ" ಅಂದಳು.

ಹೋದರು. ನಾನು ಒಂದು ಗ್ರಾಹಕರ ಕುರ್ಚಿ ಮುಂದಿಟ್ಟುಕೊಂಡು ಕೂತೆ. ರೇಡಿಯೋ ಪಕ್ಕದಲ್ಲೇ ಇತ್ತು. ಹಾಕಲು ಮನಸ್ಸು ಬರಲಿಲ್ಲ.

ಐದೂವರೆಗೆ ಮೆಟ್ಟಿಲ ಮೇಲೆ ಇಬ್ಬರ ನಗು ಕೇಳಿಸಿತು. ಬಾಗಿಲು ತೆರೆದಾಗ ಭಾವ ಕಣ್ಣೀರು ಬರುವಷ್ಟು ನಗುತ್ತಿದ್ದರು. "ಗೋಲ್‌ಕೀಪರನ್ನ ನೋಡಿ ಇವಳು ಏನಂತಾಳೆ ಗೊತ್ತಾ? ಇವನೊಬ್ಬ ಯಾಕಣ್ಣ ಬೇರೆ ಬಣ್ಣದ ಅಂಗಿ ಹಾಕಿದಾನೆ, ಇವನನ್ನ ಗುಂಪಿಂದ ಹೊರಗೆ ಹಾಕಿದಾರಾ, ಅಂತ! ಚೆಂಡು ಎಲ್ಲಿದೆ ಅಂದ್ರೆ, ಇರು ಅಣ್ಣ, ಇಲ್ಲಿ ಇಬ್ಬರು ಜಗಳ ಆಡ್ತಿದಾರೆ, ಅದು ಮುಗೀಲಿ ಅಂತಾಳೆ!"

"ಜಗಳ ಚೆನ್ನಾಗಿತ್ತು" ಅಂದಳು ಅವಳು.

ನಾನು ಚಹಾಕ್ಕೆ ನೀರಿಟ್ಟೆ. ಅವರಿಬ್ಬರ ಮಾತು ನಡೆದೇ ಇತ್ತು. ಚಹಾ ತಂದು ಭಾವನ ಕೈಗೆ ಲೋಟ ಕೊಟ್ಟು, ಬೆರಳು ಸರಿಯಾಗಿ ಕೂತಿತಾ ನೋಡಿ, ಪಕ್ಕಕ್ಕೆ ಸರಿದು ನಿಂತೆ. ಗೆದ್ದದ್ದು ಯಾರು ಅಂತ ಕೇಳಬೇಕಿತ್ತು.

ನನ್ನವಳು ಚಹಾ ಊದುತ್ತ, ನನ್ನ ಕಡೆ ನೋಡದೆ ಹೇಳಿದಳು. "ಅಲ್ಲಿ ಗಾಲಿಕುರ್ಚಿ ಹುಡುಗಿಯ ಅಮ್ಮ ಕೇಳಿದ್ರು. ಪ್ರತಿ ಸಲ ಬರ್ತಿದ್ರಲ್ಲ, ಅಷ್ಟು ಒಳ್ಳೇ ಮನುಷ್ಯ, ಅವರು ಎಲ್ಲಿ ಅಂತ."

ನಾನು ಕಾದೆ.

"ಹುಷಾರಿಲ್ಲ ಅಂದೆ."

ಭಾವ ಒಂದು ಗುಟುಕು ಕುಡಿದು, ನಾನು ನಿಂತಿದ್ದ ಕಡೆಗೆ ಸರಿಯಾಗಿ ಮುಖ ತಿರುಗಿಸಿದರು. "ಎರಡು ಸೊನ್ನೆ" ಅಂದರು. "ಸೋತ್ವಿ. ಏಳನೇ ನಂಬರಿನವನು ಆಡಲೇ ಇಲ್ಲ."

"ಹೌದಾ?" ಅಂದೆ.

"ಹೌದು" ಅಂದರು, ಮತ್ತೆ ತಂಗಿಯ ಕಡೆ ತಿರುಗಿದರು.